ಮೈ ತುಂಬಿದ ಕೂಸು

ಕೊಪ್ಪ ಆಸ್ಪತ್ರೆ, ಮಕ್ಕಳ ವಾರ್ಡು
೧೭ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಅವ್ವನಿಗೆ, ಸಿಟ್ಟು ಮಾಡಿಕೊಂಡು ಹೋದ ಅವ್ವನಿಗೆ, ನಿನ್ನ ಚೇತನಾ ಮಾಡುವ ನಮಸ್ಕಾರ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಎರಡು ಮಾತಿಗೆ ಜಗಳವಾದೀತು. ಅದಕ್ಕೇ ಕಾಗದ ಬರೆದು, ಕಮ್ಮರಡಿ ಬಸ್ಸಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೇನೆ. ಪಕ್ಕದ ಮನೆ ಶಾಲಿನಿ ಓದಿ ಹೇಳುತ್ತಾಳೆ. ಅರ್ಧದಲ್ಲೇ ಎದ್ದು ಒಲೆಯ ಹತ್ತಿರ ಹೋಗಬೇಡ, ಪೂರ್ತಿ ಕೇಳು.

ನಿನ್ನೆ ನೀನು ಬಂದವಳೇ ನನ್ನ ಅನನ್ಯಳನ್ನು ನೋಡಿ ಅತ್ತುಬಿಟ್ಟೆ. “ಎಂತ ಮಾಡಿಟ್ರಿ ಮಾರಾಯ್ರೆ ನನ್ನ ಕೂಸಿಗೆ? ಮೈ ತುಂಬಿದ ಕೂಸನ್ನ ತಂದು ಕಡ್ಡಿ ಮಾಡಿಟ್ರಲ್ಲ!” ಎಂದು ನರ್ಸಮ್ಮನ ಮೇಲೆ ಹಾರಾಡಿದೆ. ಭಾನುವಾರ ಜೀಪು ಮಾಡಿಕೊಂಡು ಹೋಗಿ ಕೂಸನ್ನು ಮನೆಗೆ ತಾ ಎಂದು ನಿನ್ನ ಅಳಿಯನಿಗೆ ಕಟ್ಟುನಿಟ್ಟಾಗಿ ಹೇಳಿದ್ದೀಯಂತೆ. ಅವರೋ, ಹೆಂಡತಿಗಿಂತ ಅತ್ತೆಗೆ ಹೆದರುವ ಗಂಡಸು, ಬಂದೇ ಬರುತ್ತಾರೆ. ಬೇಡ ಅವ್ವ. ಈಗ ಕರೆದುಕೊಂಡು ಹೋದರೆ ಕೂಸು ಉಳಿಯುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಅದು ಮೈ ತುಂಬಿದ್ದಲ್ಲವಂತೆ, ಊತವಂತೆ. ಒಳ್ಳೆಯ ಆಹಾರ ಸಾಲದೆ ಮೈಯಲ್ಲಿ ನೀರು ನಿಂತಿತ್ತಂತೆ. ಬಂದ ದಿನ ನರ್ಸಮ್ಮ ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಕಲಸಿಟ್ಟ ಹಿಟ್ಟನ್ನು ಒತ್ತಿದ ಹಾಗೆ ಗುಳಿ ಅಲ್ಲೇ ಉಳಿಯಿತು. ಈಗ ಆ ನೀರು ಇಳಿಯುತ್ತಿದೆ, ಅದಕ್ಕೇ ತೆಳ್ಳಗೆ ಕಾಣುತ್ತಾಳೆ. ಗುಣವಾಗುತ್ತಿರುವುದರ ಗುರುತೇ ಅದು ಎನ್ನುತ್ತಾರೆ ಇಲ್ಲಿಯವರು.

ನಮಗೆ ಹೇಗೆ ಗೊತ್ತಾಗಬೇಕಿತ್ತು ಹೇಳು? ಕಾಲ್ಗೆಜ್ಜೆ ಬಿಗಿಯಾದಾಗ ನೀನು ಕೇರಿಯೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಯಾರದಾದರೂ ಕಣ್ಣು ಬಿದ್ದೀತೆಂದು ನೀನೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಒಂದೂವರೆ ವರ್ಷದ ಕೂಸು ಹಟವಿಲ್ಲ, ರಂಪವಿಲ್ಲ, ಕೂರಿಸಿದಲ್ಲೇ ಕೂರುತ್ತದೆ ಎಂದು ನಾನೂ ಬೀಗಿದೆ. ಹಟ ಮಾಡುವಷ್ಟು ತ್ರಾಣವೇ ಅವಳಲ್ಲಿ ಇರಲಿಲ್ಲವಲ್ಲ ಅವ್ವ.

ನಿನ್ನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಕಾಫಿ ಕೊಯ್ಲು ಶುರುವಾಯಿತೆಂದು ಎದೆಹಾಲು ಬಿಡಿಸಿದವಳು ನಾನು. ಬೆಳಿಗ್ಗೆ ನಿನ್ನ ಮಡಿಲಿಗೆ ಹಾಕಿ ಹೋದರೆ, ತೋಟದಿಂದ ಬರುವಾಗ ಅವಳು ನಿದ್ದೆ ಹೋಗಿರುತ್ತಿದ್ದಳು. ನೀನು ಗಂಜಿ ತಿಳಿ ಕುಡಿಸಿದೆ, ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಟ್ಟೆ. ಏನು ತಿಂದಳು ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಇಲ್ಲಿ ಹಾಲಿಗೆ ಸಕ್ಕರೆ, ಎಣ್ಣೆ ಸೇರಿಸಿ ಕೊಡುತ್ತಾರೆ, ನಾನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತೇನೆ. ಮೊದಲು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಇವತ್ತು ಲೋಟ ಖಾಲಿಯಾದ ಮೇಲೆ ಇನ್ನೂ ಬೇಕೆಂದು ವಾರ್ಡಿನ ಸೂರು ಹಾರುವ ಹಾಗೆ ಅತ್ತಳು. ಪಕ್ಕದ ಹಾಸಿಗೆಯವರು ಮುಖ ಸಿಂಡರಿಸಿದರು. ನಾನು ಮಾತ್ರ ನಾಚಿಕೆಯಿಲ್ಲದೆ ನಗುತ್ತಾ ಕೂತಿದ್ದೆ.

ಸಿಟ್ಟು ಎಷ್ಟು ಬೇಕಾದರೂ ಮಾಡು, ಜೀಪು ಮಾತ್ರ ಕಳಿಸಬೇಡ. ನೀನೇ ಬಸ್ಸು ಹತ್ತಿ ಬಾ. ಬಂದು ಅವಳು ಹಸಿದು ಅಳುವುದನ್ನು ಕೇಳು.

ನಿನ್ನ ಮಗಳು,
ಚೇತನಾ

ತಾ.ಕ.: ಶಾಲಿನಿ, ಇದು ನಿನಗೆ ಮಾತ್ರ, ಅವ್ವನಿಗೆ ಓದಬೇಡ. ಅಂಗನವಾಡಿಯಿಂದ ಕೂಸಿಗೆಂದು ಬರುವ ಹಿಟ್ಟಿನಲ್ಲಿ ಅವ್ವ ರೊಟ್ಟಿ ತಟ್ಟಿ ನನ್ನ ಬುತ್ತಿಗೆ ಕಟ್ಟುತ್ತಿದ್ದಳು. ಮೊಮ್ಮಗಳು ಮೈ ತುಂಬಿಕೊಂಡಿದ್ದಾಳೆ, ಸೊರಗಿರುವುದು ತನ್ನ ಮಗಳು ಎಂದುಕೊಂಡಿದ್ದಳು. ಅದು ಯಾವ ಹಿಟ್ಟೆಂದು ನನಗೆ ಮೊದಲ ತುತ್ತಿಗೇ ತಿಳಿದಿತ್ತು. ಹಸಿವಾಗಿತ್ತು, ತಿಂದೆ. ದಿನಾ ತಿಂದೆ. ನಿನ್ನೆ ಡಾಕ್ಟರು ಆ ಹಿಟ್ಟು ಏನಾಯಿತೆಂದು ಕೇಳಿದಾಗ, “ನನಗೆ ಗೊತ್ತಿಲ್ಲ, ಅವ್ವನ್ನೇ ಕೇಳಿ” ಎಂದುಬಿಟ್ಟೆ. ಅವಳು ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು, ಚೀಲ ಎತ್ತಿಕೊಂಡು ಹೊರಟುಹೋದಳು. ಫೋನು ಎತ್ತದಿರುವುದು ನರ್ಸಮ್ಮನ ಮೇಲಿನ ಸಿಟ್ಟಿಗಲ್ಲ.

ಬೇಡ ಶಾಲಿನಿ, ಮುಚ್ಚಿಡಬೇಡ. ಇದನ್ನೂ ಅವ್ವನಿಗೆ ಓದಿ ಹೇಳು.