ಸಮುದ್ರದಲ್ಲಿ ಕಳೆದ ಉಂಗುರ

ಸಹಮ್, ಒಮಾನ್
22 ಫೆಬ್ರವರಿ 2025

ಪ್ರೀತಿಯ ಜೆಸ್ಸಿಕಾ,

ನೀನು ಊರಿಗೆ ಮರಳಿ ಎರಡು ತಿಂಗಳಾಗುತ್ತಾ ಬಂತು, ಈಗ ಬರೆಯುತ್ತಿದ್ದೇನೆ. ಪೆನ್ನು ಹಿಡಿಯುವ ಅಭ್ಯಾಸ ತಪ್ಪಿದೆ, ಸಿಟ್ಟಾಗಬೇಡ. ವಾಟ್ಸ್ಯಾಪ್ ಇರುವಾಗ ಪಪ್ಪನಿಗೆ ಇದೆಂಥ ಹುಚ್ಚು ಎಂದೂ ನಗಬೇಡ. ನಿನ್ನ ಫೋನನ್ನು ನಿನ್ನ ಗಂಡ ಕ್ರಿಸ್ಟೋಫರ್ ಓದುತ್ತಾನೆಂದು ಮಮ್ಮಿಗೆ ನೀನೇ ಹೇಳಿದ್ದೆಯಂತೆ. ಪಕ್ಕದ ಮನೆಯ ಎಲಿಜಬೆತ್ ರಜೆಗೆ ಊರಿಗೆ ಹೊರಟಿದ್ದಾಳೆ. ನೀನು ಪಾಠ ಮಾಡುವ ಸ್ಕೂಲಿಗೇ ಬಂದು ಇದನ್ನು ನಿನ್ನ ಕೈಗೆ ಕೊಡುತ್ತಾಳೆ.

ನಾವಿಬ್ಬರೂ ಕ್ಷೇಮ. ಮಮ್ಮಿಯ ಮಂಡಿನೋವು ಹಾಗೇ ಇದೆ, ಬಾಯಿ ಇನ್ನೂ ಚುರುಕಾಗಿದೆ. ಶುಕ್ರವಾರ ಬೆಳಿಗ್ಗೆ ನಾನು ಮೆಟಲ್ ಡಿಟೆಕ್ಟರ್ ಹಿಡಿದು ದಂಡೆಗೆ ಹೋಗುವುದು ತಪ್ಪಿಲ್ಲ. “ಇವತ್ತು ಎಂತ ಸಿಕ್ಕಿತು ಮಾರಾಯ್ರೇ, ಪೆಪ್ಸಿ ಡಬ್ಬಿಯ ಮುಚ್ಚಳವಾ?” ಎಂದು ಬಾಗಿಲಲ್ಲೇ ಕೇಳುತ್ತಾಳೆ. ಹೆಚ್ಚಾಗಿ ಸಿಗುವುದು ಅದೇ.

ಹೋದ ತಿಂಗಳು ಮಾತ್ರ ಹಳೆಯ ಕಾಲಾಣೆಯೊಂದು ಸಿಕ್ಕಿತು. ತಾಮ್ರದ್ದು, ರಾಣಿಯ ಮೂಗು ಸವೆದಿದೆ. ಒಂದು ಕಾಲಕ್ಕೆ ಇಲ್ಲೂ ನಮ್ಮ ಆಣೆಗಳೇ ಓಡುತ್ತಿದ್ದವು. ನಮಗಿಂತ ಮೊದಲೇ ನಮ್ಮ ಕಾಸು ಇಲ್ಲಿಗೆ ದುಡಿಯಲು ಬಂದಿತ್ತು ನೋಡು. ದಿನಸಿ ಅಂಗಡಿಯ ಮಹ್ರೂಫ್ ಅದನ್ನು ಬೆಳಕಿಗೆ ಹಿಡಿದು, “ಕೋಟೆ ಕಡೆ ಮಾತ್ರ ಅಗೆಯಲಿಕ್ಕೆ ಹೋಗ್ಬೇಡಿ ಪಿಯುಸಣ್ಣ, ಪೊಲೀಸ್ ಹಿಡಿದ್ರೆ ಖಲಾಸ್” ಎಂದ. ಹೋಗುವುದಿಲ್ಲ ಎಂದೆ.

ಕ್ರಿಸ್‌ಮಸ್‌ಗೆ ಬಂದಾಗ ನೀನು ಇಲ್ಲಿಯ ಸಮುದ್ರದಲ್ಲಿ ಕಳೆದುಕೊಂಡ ಮದುವೆಯ ಉಂಗುರದ ಬಗ್ಗೆ ಕ್ರಿಸ್ಟೋಫರ್ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. “ಎಂತ ಪಪ್ಪ, ಅಷ್ಟು ದೊಡ್ಡ ಮೆಷಿನ್ ಉಂಟು, ಒಂದು ಉಂಗುರ ಸಿಗುದಿಲ್ವಾ?” ಅದು ಸಿಗುವವರೆಗೆ ನಿನ್ನನ್ನು ಇಲ್ಲಿಗೆ ಕಳಿಸುವುದಿಲ್ಲವಂತೆ. ನಗುತ್ತಲೇ ಹೇಳಿದ. ಆ ನಗು ನನಗೆ ಹಿಡಿಸಲಿಲ್ಲ. ಹುಡುಕುತ್ತಿದ್ದೇನೆ ಎಂದೆ.

ಊಟ ಬಿಡಬೇಡ. ದೇವರು ನಿನ್ನನ್ನು ಕಾಯಲಿ. ಅವನಿಗೆ ಪುರುಸೊತ್ತಿಲ್ಲದಾಗ ನಾವಿದ್ದೇವೆ.

ನಿನ್ನ ಪಪ್ಪ,
ಪಿಯುಸ್

ತಾ. ಕ.: ಡಿಟೆಕ್ಟರಿನ ತುದಿಗೆ ಹೊಸ ಕಾಯಿಲ್ ಹಾಕಿದರೆ, ಗೊತ್ತಿರುವ ನಾಣ್ಯವೊಂದನ್ನು ಹೂತು ಪರೀಕ್ಷೆ ಮಾಡುವುದು ರೂಢಿ. ಮೊನ್ನೆ ಹಿತ್ತಿಲಿನ ಕರಿಬೇವಿನ ಬುಡದಲ್ಲಿ ಒಂದು ನಾಣ್ಯ ಹೂತೆ. ಮೆಷಿನ್ ಎರಡು ಕಡೆ ಕೂಗಿತು. ಅಗೆದರೆ ನಿನ್ನ ನೀಲಿ ಕರ್ಚೀಫು, ಬಿಗಿಯಾಗಿ ಗಂಟು ಹಾಕಿದ್ದು, ಒಳಗೆ ಉಂಗುರ. ನಾನು ಮಣ್ಣಿನಲ್ಲೇ ಕೂತುಬಿಟ್ಟೆ. ತುಂಬ ಭಯವಾಯಿತು, ಮಗಳೇ. ಅಂದು ಸೊಂಟದ ನೀರಿನಲ್ಲಿ ನನ್ನೊಂದಿಗೆ ಹುಡುಕುತ್ತಾ ಅಷ್ಟೊಂದು ಅತ್ತೆಯಲ್ಲ, ಆ ಅಳು ಸುಳ್ಳಾಗಿರಲಿಲ್ಲ. ಸಮುದ್ರಕ್ಕೇ ಎಸೆಯಬಹುದಿತ್ತು, ಎಸೆಯದೆ ನಮ್ಮ ಮನೆಯಲ್ಲಿ ಇಟ್ಟುಹೋದೆ. ನನ್ನ ಕೈಗೇ ಕೊಟ್ಟೆ ಎಂದುಕೊಂಡಿದ್ದೇನೆ. ಮಮ್ಮಿಗೆ ಹೇಳಿಲ್ಲ. ಉಂಗುರ ಸಿಗಬೇಕು ಎಂದು ನೀನಂದರೆ ಅದು ಬರುವ ಶುಕ್ರವಾರ ದಂಡೆಯಲ್ಲಿ ಸಿಗುತ್ತದೆ, ಕ್ರಿಸ್ಟೋಫರನಿಗೆ ಫೋಟೊ ಕಳಿಸುತ್ತೇನೆ. ಸಿಗುವುದು ಬೇಡವೆಂದು ಎಲಿಜಬೆತ್ ಎದುರು ತಲೆಯಾಡಿಸಿದರೂ ಸಾಕು, ನಾನೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ಯಾಕೆ ಎಂದು ಕೇಳುವುದಿಲ್ಲ.