ಕತ್ತರಿ ಹಾಕಿದ್ದು ಯಾರು

ನವೆಂಬರ್ ೧೨, ಬುಧವಾರ

ಹೆರಿಗೆ ವಾರ್ಡಿನ ಆ ಹೆಡ್ ನರ್ಸ್ ಇವತ್ತೂ ತಪ್ಪಾಯಿತು ಅನ್ನಲಿಲ್ಲ. ನನ್ನ ಮಗುವಿನ, ಪಕ್ಕದ ಬೆಡ್ಡಿನ ಸೌಮ್ಯಶ್ರೀ ಮಗುವಿನ ಕೈಯ ದೃಷ್ಟಿದಾರಗಳನ್ನು ‘ಇನ್ಫೆಕ್ಷನ್’ ಎಂದು ಕತ್ತರಿಸುವಾಗ ಹೆಸರಿನ ಟ್ಯಾಗುಗಳನ್ನೂ ಕತ್ತರಿಸಿದವಳು ಅವಳೇ. ಅಂದಾಜಿನ ಮೇಲೆ ಹೊಸ ಟ್ಯಾಗು ಕಟ್ಟಿ ಸೌಮ್ಯಶ್ರೀ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಎರಡು ದಿನ ಹಾಲೂಡಿಸಿದೆ. ರಕ್ತದ ಗುಂಪು ತಾಳೆಯಾಗದೆ ಆಸ್ಪತ್ರೆಯವರು ಸಿಕ್ಕಿಬಿದ್ದರು, ಮಕ್ಕಳನ್ನು ಮತ್ತೆ ಬದಲಾಯಿಸಿಕೊಟ್ಟರು.

ಇವತ್ತು ಸೂಪರಿಂಟೆಂಡೆಂಟ್ ಒಂದು ಕಾಗದ ಮುಂದಿಟ್ಟರು. ದಾರ ಕಟ್ಟಿದ ನಮ್ಮದೇ ತಪ್ಪಂತೆ.

“ಸೈನ್ ಮಾಡ್ಬುಡಮ್ಮ, ನಿಮ್ಮ ಮಗು ಸಿಕ್ತಲ್ಲ.”

“ದಾರ ಕಟ್ಟಿದ್ದು ನಾನೇ ಕಣ್ರೀ. ಕತ್ತರಿ ಹಾಕಿದ್ಯಾರು?” ಎಂದರು ಅತ್ತೆ.

ನರ್ಸ್ ಪೆನ್ನನ್ನು ನನ್ನ ಕಡೆ ತಳ್ಳಿದಳು. ನಾನು ಕಾಗದ ಹರಿದುಹಾಕಿ ಬಂದೆ.

ಮಗ ಪಕ್ಕದಲ್ಲಿ ಮಲಗಿದ್ದಾನೆ. ಆದರೆ ಸೌಮ್ಯಶ್ರೀ ಮಗು ಹಸಿದು ಏಳುತ್ತಿದ್ದ ಹೊತ್ತಿಗೇ ನನ್ನ ಎದೆ ಈಗಲೂ ತೊಟ್ಟಿಕ್ಕುತ್ತದೆ. ಇದಕ್ಕೂ ಒಂದು ಕಾಗದ ತರಲಿ ಆ ನರ್ಸ್, ಆಗ ಸೈನ್ ಮಾಡುವ ವಿಚಾರ ನೋಡೋಣ.