ಅಳತೆ ಕೊಡುವ ಗಿರಾಕಿ

ಕೆರೆದಂಡೆಯ ಅತಿಥಿಗೃಹ
ಗುರುವಾರ, ಬೆಳಗ್ಗೆ

ಪ್ರೀತಿಯ ನಾದಿನಿ ಚಿಟ್ಟಿಗೆ ಅತ್ತಿಗೆಯ ಆಶೀರ್ವಾದ.

ಇವತ್ತು ನನಗೆ ಉಪವಾಸ. ದೀಪ ಹಚ್ಚಿ, ಜಗಲಿ ಗುಡಿಸಿ, ಹಾಸಿಗೆಯ ಬಟ್ಟೆ ಒಗೆದು ಒಣಹಾಕಿ ಈಗ ಕೂತೆ. ರಜೆಗೆ ಬಂದವಳು ಪೊರಕೆ ಹಿಡಿದಿದ್ದನ್ನು ಮಗಳು ನೋಡಿದ್ದರೆ ಬೈಯುತ್ತಿದ್ದಳು. ಸುಮ್ಮನೆ ಕೂರಲು ನನಗೆ ಬರುವುದಿಲ್ಲ, ನಿನಗೇ ಗೊತ್ತು.

ನಿಮ್ಮಣ್ಣ ಹೋದಮೇಲೆ ಈ ಕೆರೆಯ ಕಡೆ ತಲೆ ಹಾಕಿರಲಿಲ್ಲ. ಈ ಸಲ ಮಗಳು ಹಟ ಹಿಡಿದು ಕರೆತಂದಳು. ಎಲ್ಲ ಹಾಗೇ ಇದೆ. ಬೆಳಗಿನ ಮಂಜು, ಜೊಂಡಿನೊಳಗಿನ ಹಕ್ಕಿಗಳ ಗಲಾಟೆ, ನೀನು ಜಾರಿಬಿದ್ದ ಕಲ್ಲು. ಆಗ ದೋಣಿಯಲ್ಲಿ ನೀನು ನನ್ನ ಕೈ ಬಿಡುತ್ತಲೇ ಇರಲಿಲ್ಲ. ನಿಮ್ಮಣ್ಣ ಮಾತ್ರ ಹೊಲಿಗೆ ಅಂಗಡಿಯನ್ನೇ ಹೊತ್ತು ತಂದವರಂತೆ ಹಕ್ಕಿಗಳಿಗೆಲ್ಲ ಹೆಸರಿಡುತ್ತಿದ್ದರು. ನೀರಿಗೆ ಚುಚ್ಚಿದ ಹಾಗೆ ಧುಮುಕುವ ಮಿಂಚುಳ್ಳಿ ‘ಸೂಜಿ’. ಬಂಡೆಯ ಮೇಲೆ ರೆಕ್ಕೆ ಅಗಲಿಸಿ ಒಣಗಿಸುವ ಕರೀ ನೀರುಕಾಗೆ ‘ಅಳತೆ ಕೊಡುವ ಗಿರಾಕಿ’. ನೀನು ಅದೇ ನಿಜವಾದ ಹೆಸರೆಂದು ನಂಬಿ ಶಾಲೆಯಲ್ಲಿ ಹೇಳಿ ನಗೆಪಾಟಲಾಗಿ, ಅಣ್ಣನ ಜೊತೆ ಮಾತು ಬಿಟ್ಟಿದ್ದೆ.

ಈಗ ಕೇಳು. ಮೊದಲ ದಿನ ದೋಣಿಯಲ್ಲಿ ನಾವಿಬ್ಬರು, ಜೊತೆಗೆ ದುರ್ಬೀನು ಹಿಡಿದ ಟೋಪಿಯವರೊಬ್ಬರು. ಹುಟ್ಟು ಹಾಕುತ್ತಿದ್ದವರು ನಮ್ಮ ಹಳೆಯ ದೋಣಿಯವರೇ, ತಲೆ ಮಾತ್ರ ಬೆಳ್ಳಗಾಗಿದೆ. ಬಂಡೆ ಹತ್ತಿರ ಬರುತ್ತಲೇ ಹುಟ್ಟು ಮೇಲೆತ್ತಿ ದೋಣಿಯನ್ನು ತೇಲಬಿಟ್ಟು ಮೆಲ್ಲಗೆ, “ಅಲ್ನೋಡಿ, ಅಳತೆ ಕೊಡೋ ಗಿರಾಕಿ” ಅಂದರು. ಟೋಪಿಯವರು ಪುಸ್ತಕ ತಿರುವಿ ತಿರುವಿ, “ಇದರಲ್ಲಿ ಆ ಹೆಸರೇ ಇಲ್ವಲ್ರೀ” ಅಂದರು. “ಪುಸ್ತಕ ಬರ್ದೋರು ಅಂಗಿ ಹೊಲಿಸಿಲ್ಲ ಅಂತ ಕಾಣುತ್ತೆ, ಬಿಡಿ ಸ್ವಾಮಿ” ಅಂದರು ದೋಣಿಯವರು. ನಾನು ನಗಲು ಹೋಗಿ ಅತ್ತುಬಿಟ್ಟೆ. ಇಷ್ಟು ವರ್ಷವೂ ಬಂದವರಿಗೆಲ್ಲ ಅವರು ಆ ಹೆಸರುಗಳನ್ನೇ ಹೇಳಿಕೊಂಡು ಬಂದಿದ್ದಾರೆ. ನಾವು ಮನೆಯಲ್ಲಿ ಫೋಟೋ ಒರೆಸುತ್ತಿದ್ದೆವು, ನಿಮ್ಮಣ್ಣ ಇಲ್ಲಿ ದಿನಾ ದೋಣಿಯಲ್ಲಿ ಸುತ್ತುತ್ತಿದ್ದರು.

ಆಮೇಲೆ ದಿನವೂ ಹೋದೆ. ದೋಣಿಯವರ ಹೆಂಡತಿ ತೀರಿ ಎಷ್ಟೋ ಕಾಲವಾಯಿತಂತೆ. ಒಂದು ಮಧ್ಯಾಹ್ನ ದೋಣಿಯ ತಳಕ್ಕೆ ಎಣ್ಣೆ ಬಳಿಯುತ್ತ, ತಲೆ ಎತ್ತದೆ, “ನೀವು ಇಲ್ಲೇ ಉಳೀಬಹುದು. ನಾಲ್ಕು ಜನರ ಮುಂದೆ ಮದುವೆ ಆಗಿಯೇ” ಅಂದರು. “ಈ ವಯಸ್ಸಿನಲ್ಲಾ?” ಅಂದೆ. “ದೋಣಿ ಹತ್ತುವಾಗ ನನ್ನ ವಯಸ್ಸು ಕೇಳಿದ್ರಾ?” ಅಂದರು. ಆಮೇಲೆ, “ಒಂದು ಮಾತು. ನಿಮ್ಮೋರು ಇಟ್ಟ ಹೆಸರುಗಳನ್ನ ಬಿಡಿ ಅಂತ ಮಾತ್ರ ನನಗೆ ಹೇಳಬಾರದು” ಅಂದರು.

ಚಿಟ್ಟಿ, ನನಗೆ ಆ ಮನುಷ್ಯನ ಮೇಲೆ ಮನಸ್ಸಾಗಿದೆ. ಸುತ್ತಿಬಳಸಿ ಬರೆಯಲು ನನಗೆ ಬಾರದು. ಮಗಳಿಗೆ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ, ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದಳು. ಕೊನೆಗೆ, “ಅತ್ತೆ ಏನಂತಾರೋ ಕೇಳಮ್ಮ” ಅಂದಳು. ನಿಮ್ಮಣ್ಣನ ಕಡೆ ಉಳಿದವಳು ನೀನೊಬ್ಬಳೇ. ನೀನು ಹೂಂ ಅಂದರೆ ಅವರೇ ಅಂದ ಹಾಗೆ. ಉಪವಾಸವೂ ಇದಕ್ಕೇ. ಆದರೆ ದೇವರು ಬಾಯಿಬಿಟ್ಟು ಹೇಳುವವನಲ್ಲವಲ್ಲ, ನಿನಗಾದರೆ ಬಾಯಿದೆ, ಅದೂ ದೊಡ್ಡ ಬಾಯಿ. ಬೈಯುವುದಿದ್ದರೆ ಬೈದುಬಿಡು, ಸುಮ್ಮನಿರಬೇಡ.

ನಿನ್ನ ಮನೆಯವರಿಗೆ ನಾನು ಕೇಳಿದೆನೆಂದು ಹೇಳು.

ಇಂತಿ ನಿನ್ನ
ಅತ್ತಿಗೆ

ಮರೆತ ಮಾತು: ಮಗಳು ಸೋಮವಾರವೇ ಊರಿಗೆ ಹೋದಳು. ನಾನೂ ಬಸ್ಸು ಹತ್ತಿದ್ದೆ, ಹೊರಡುವ ಹೊತ್ತಿಗೆ ಇಳಿದುಬಿಟ್ಟೆ. ನನ್ನ ಚೀಲ ಬಸ್ಸಲ್ಲೇ ಹೋಯಿತು. ಇಲ್ಲಿ ಅಡುಗೆಯಾಕೆಯ ಕೋಣೆಯಲ್ಲಿ ಮಲಗುತ್ತಿದ್ದೇನೆ, ಅವಳ ಕೆಲಸಕ್ಕೆ ಕೈಹಾಕುತ್ತಿದ್ದೇನೆ. ಅಂಚೆ ಕಚೇರಿ ಆಚೆ ದಡದಲ್ಲಿದೆ. ನಿನ್ನ ಕಾಗದ ಬಂದರೆ ದೋಣಿಯವರೇ ಹೋಗಿ ತರಬೇಕು. ಬೇಡ ಅನ್ನುವುದಾದರೆ ಬರೆಯಬೇಡ, ನೀನೇ ಬಂದು ಹೇಳು; ಅದನ್ನು ಅವರ ಕೈಯಲ್ಲಿ ಹೊರಿಸಬೇಡ. ಹೂಂ ಅನ್ನುವುದಾದರೆ ಅಂಚೆಗೆ ಹಾಕು. ತಂದುಕೊಡಿ ಎಂದು ಅವರಿಗೆ ಹೇಳುತ್ತೇನೆ.